ಗಾತ್ರ ಬರೀ 7 ಮಿಲಿಮೀಟರ್, ಹೆಸರು ಹ್ಯಾರಿ ಪಾಟರ್ ಕಥೆಯದ್ದು: ಕಾನಿನ ಈ ಜೇಡ ದಾಖಲೆಗೆ ಸೇರಿದ್ದು ಹೇಗೆ?

ಹಗಲು ಹೊತ್ತಲ್ಲಿ ನೋಡಿದರೆ ಒಣಗಿ ಸುರುಟಿದ ಎಲೆಯ ಚೂರು. ಕತ್ತಲಾದರೆ ಬೇಟೆಗೆ ಇಳಿಯೋ ಜೇಡ. ಉದ್ದ ಸುಮಾರು 7 ಮಿಲಿಮೀಟರ್, ಅಂದರೆ ಒಂದು ಅಕ್ಕಿ ಕಾಳಿನಷ್ಟು. ಮಲೆನಾಡಿನ ಕಾನಿನಲ್ಲಿ ಎಷ್ಟೋ ಕಾಲದಿಂದ ಬದುಕಿದ್ದ ಈ ಜೀವಿಯ ಹೆಸರು 2016ರ ತನಕ ಯಾವ ಪುಸ್ತಕದಲ್ಲೂ ಇರಲಿಲ್ಲ. ಈಗ ಅದಕ್ಕೆ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಅಂತ ಹೆಸರಿದೆ.

ಒಂದು ಜೇಡಕ್ಕೆ ಹೆಸರಿಡೋದು ಅಂಥಾ ದೊಡ್ಡ ಕೆಲಸವಾ ಅಂತ ಅನ್ನಿಸಬಹುದು. ಹೌದು, ದೊಡ್ಡ ಕೆಲಸವೇ. ಯಾಕೆ ಅನ್ನೋದರ ಪೂರ್ತಿ ವಿವರ ಇಲ್ಲಿದೆ.

ಎಲ್ಲಿ ಸಿಕ್ತು? ಯಾರು ಕಂಡರು?

ಈ ಜೇಡ ಸಿಕ್ಕಿದ್ದು ಕರ್ನಾಟಕದಲ್ಲೇ, ಪಶ್ಚಿಮ ಘಟ್ಟದ ಮಧ್ಯಭಾಗದ ಕಾನಿನಲ್ಲಿ. ಜಾವೇದ್ ಅಹ್ಮದ್, ರಾಜಶ್ರೀ ಖಲಪ್ ಮತ್ತು ಸುಮುಖ ಜವಗಲ್ ಎಂಬ ಮೂವರು ಇದನ್ನ ಹೊಸ ಪ್ರಭೇದ ಅಂತ ಗುರುತಿಸಿ, 2016ರ ಡಿಸೆಂಬರ್‌ನಲ್ಲಿ ಜೇಡಗಳಿಗೇ ಮೀಸಲಾದ ಒಂದು ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಿದರು.

ಕಾನು ಅಂದರೆ ಏನು ಅಂತ ಸಾಗರ, ಸೊರಬ, ಸಿದ್ದಾಪುರದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ವರ್ಷವಿಡೀ ಹಸಿರಾಗಿರೋ, ಬಿಸಿಲು ನೆಲಕ್ಕೆ ಬೀಳದ ದಟ್ಟ ಕಾಡಿನ ತುಂಡು. ಎಷ್ಟೋ ಕಾನುಗಳಲ್ಲಿ ಊರಿನ ದೇವರ ಬನ ಇದೆ, ಹಳ್ಳಕ್ಕೆ ನೀರಿನ ಮೂಲ ಇದೆ, ಕಾಡುಮೆಣಸಿನ ಬಳ್ಳಿ ಇದೆ.

ಹೆಸರು ಯಾಕೆ ಹಾಗೆ?

ಹ್ಯಾರಿ ಪಾಟರ್ ಕಥೆ ಓದಿದ ಮಕ್ಕಳಿಗೆ ಇದು ತಕ್ಷಣ ಹೊಳೆಯುತ್ತೆ. ಅದರಲ್ಲಿ ಮಾತಾಡೋ ಒಂದು ಹಳೇ ಟೋಪಿ ಇದೆ. ಶಾಲೆಗೆ ಸೇರಿದ ಮಕ್ಕಳ ತಲೆ ಮೇಲೆ ಅದನ್ನ ಇಟ್ಟರೆ, ಯಾರು ಯಾವ ತಂಡಕ್ಕೆ ಅಂತ ಅದೇ ತೀರ್ಮಾನ ಮಾಡುತ್ತೆ. ಆ ಟೋಪಿಯ ಮೊದಲ ಒಡೆಯನ ಹೆಸರು ಗಾಡ್ರಿಕ್ ಗ್ರಿಫಿಂಡೋರ್. ಈ ಜೇಡದ ಹೊಟ್ಟೆಯ ಭಾಗ ತುದಿಗೆ ಹೋಗ್ತಾ ಚೂಪಾಗಿ ಬಾಗಿದ್ದು, ಥೇಟ್ ಆ ಟೋಪಿಯ ಹಾಗೇ ಕಾಣುತ್ತೆ. ಅದಕ್ಕೇ ಆ ಹೆಸರು. ಸುದ್ದಿ ತಿಳಿದ ಲೇಖಕಿ ಜೆ.ಕೆ. ರೌಲಿಂಗ್ ಟ್ವಿಟ್ಟರ್‌ನಲ್ಲಿ ಅಭಿನಂದನೆ ಹೇಳಿದ್ದರು.

ವರ್ಗೀಕರಣ ಅಂದರೆ ಏನು?

ಅಂಗಡಿ ಇಟ್ಟವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಜಿಎಸ್‌ಟಿ ಬಿಲ್ಲಿನ ಎಚ್‌ಎಸ್‌ಎನ್ ಕೋಡ್ ನೆನಪು ಮಾಡಿಕೊಳ್ಳಿ. 08 ಅಂದರೆ ಹಣ್ಣು ಮತ್ತು ಬೀಜಗಳ ಅಧ್ಯಾಯ. 0802 ಅಂದರೆ ಅದರೊಳಗಿನ ಒಂದು ಗುಂಪು. 080280 ಅಂದರೆ ಅಡಿಕೆ. ಅಂಕಿ ಹೆಚ್ಚಾದ ಹಾಗೆ ಮಾಲು ಯಾವುದು ಅನ್ನೋದು ಖಚಿತ ಆಗ್ತಾ ಹೋಗುತ್ತೆ.

ಜೀವಿಗಳ ಲೆಕ್ಕವೂ ಹೀಗೇ. ಮೊದಲು ಜೇಡಗಳ ಗಣ. ಜನ ಜೇಡರ ಹುಳ ಅಂತ ಕರೆದರೂ ಇದು ಕೀಟ ಅಲ್ಲ. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು. ಆಮೇಲೆ ಅರನೈಡೇ ಅನ್ನೋ ಕುಟುಂಬ, ಅಂದರೆ ಚಕ್ರದ ಆಕಾರದಲ್ಲಿ ಬಲೆ ಕಟ್ಟುವ ಜೇಡಗಳದ್ದು. ತೋಟದಲ್ಲಿ ಬಲೆಯ ನಡುವೆ ಗುಣಾಕಾರ ಚಿಹ್ನೆಯ ಹಾಗೆ ಕಾಲು ಚಾಚಿ ಕೂರುವ ಜೇಡವೂ ಇದೇ ಕುಟುಂಬದ್ದು. ಅದರೊಳಗೆ ಎರಿಯೋವಿಕ್ಸಿಯಾ ಅನ್ನೋ ಕುಲ. ಈ ಕುಲವನ್ನ 1951ರಲ್ಲಿ ಗುರುತಿಸಲಾಗಿತ್ತು. ಕೊನೆಗೆ ಪ್ರಭೇದ, ಅಂದರೆ ಗ್ರಿಫಿಂಡೋರಿ.

ಫೋಟೋ ನೋಡಿ ಹೇಳೋಕಾಗಲ್ವಾ?

ಬಹಳಷ್ಟು ಸಲ ಆಗಲ್ಲ. ಬಣ್ಣ, ಗಾತ್ರ ನಂಬಿದರೆ ಮೋಸ ಹೋಗ್ತೀವಿ. ಒಂದೇ ಪ್ರಭೇದದಲ್ಲಿ ಬೇರೆ ಬೇರೆ ಬಣ್ಣ ಇರಬಹುದು. ಬೇರೆ ಪ್ರಭೇದಗಳು ಒಂದೇ ಥರ ಕಾಣಬಹುದು. ಇದೇ ಎರಿಯೋವಿಕ್ಸಿಯಾ ಕುಲದ ಬೇರೆ ಜೇಡಗಳೂ ಭಾರತದಲ್ಲಿವೆ.

ಹಾಗಾಗಿ ತಜ್ಞರು ನೋಡೋದು ಜನನಾಂಗವನ್ನ. ಹೆಣ್ಣು ಜೇಡದ ಹೊಟ್ಟೆಯ ಅಡಿಯಲ್ಲಿ ಎಪಿಗೈನ್ ಅನ್ನೋ ಗಟ್ಟಿ ರಚನೆ ಇರುತ್ತೆ. ಗಂಡಿನಲ್ಲಿ ಬಾಯಿಯ ಪಕ್ಕದ ಪುಟ್ಟ ಕೈಗಳಂಥ ಅಂಗದ ತುದಿ ನೋಡಬೇಕು. ಬೀಗಕ್ಕೊಂದು ಕೀಲಿ ಇದ್ದ ಹಾಗೆ, ಪ್ರಭೇದದಿಂದ ಪ್ರಭೇದಕ್ಕೆ ಇದರ ಆಕಾರ ಬದಲಾಗುತ್ತೆ. 7 ಮಿಲಿಮೀಟರ್ ಜೇಡದಲ್ಲಿ ಇದನ್ನ ನೋಡೋಕೆ ಮೈಕ್ರೋಸ್ಕೋಪ್ ಬೇಕೇ ಬೇಕು. ಮರಿ ಜೇಡದಲ್ಲಿ ಈ ಅಂಗ ಬೆಳೆದಿರೋದಿಲ್ಲ, ಅದಕ್ಕೇ ಮರಿ ಸಿಕ್ಕರೆ ತಜ್ಞರೂ ಎಷ್ಟೋ ಸಲ ಕೈಚೆಲ್ಲುತ್ತಾರೆ. ಗ್ರಿಫಿಂಡೋರಿಯನ್ನ ವಿವರಿಸಿದ್ದು ಹೆಣ್ಣು ಜೇಡದ ಆಧಾರದ ಮೇಲೆ.

ಇಷ್ಟಾದ ಮೇಲೆ ಈಗಾಗಲೇ ಹೆಸರಿರೋ ಹತ್ತಿರದ ಜೇಡಗಳ ಜೊತೆ ಒಂದೊಂದನ್ನೂ ಹೋಲಿಸಬೇಕು. ಹೊಸ ಪ್ರಭೇದಕ್ಕೆ ಆಧಾರವಾದ ಮಾದರಿಯನ್ನ ಜೋಪಾನವಾಗಿ ಇಡಬೇಕು. ಜಮೀನಿಗೆ ಮೂಲ ಪತ್ರ ಇದ್ದ ಹಾಗೆ ಇದು. ಮುಂದೆ ಯಾರಿಗಾದರೂ ಅನುಮಾನ ಬಂದರೆ ಆ ಮಾದರಿಯನ್ನೇ ತೆಗೆದು ನೋಡ್ತಾರೆ.

ಜೇಡಗಳ ಲೆಕ್ಕ ಹಳೆಯದು

ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗೋದು ಲಿನ್ನೇಯಸ್‌ನ 1758ರ ಪುಸ್ತಕದಿಂದ. ಅದಕ್ಕಿಂತ ಹಿಂದಿನ ಹೆಸರುಗಳಿಗೆ ಮಾನ್ಯತೆ ಇಲ್ಲ. ಆದರೆ ಜೇಡಗಳಿಗೆ ಮಾತ್ರ ವಿನಾಯಿತಿ. ಸ್ವೀಡನ್ನಿನ ಕಾರ್ಲ್ ಕ್ಲರ್ಕ್ 1757ರಲ್ಲೇ ಪ್ರಕಟಿಸಿದ್ದ ಜೇಡಗಳ ಹೆಸರು ಇವತ್ತಿಗೂ ಚಾಲ್ತಿಯಲ್ಲಿವೆ. ಅಲ್ಲಿಂದ ಶುರುವಾದ ಪಟ್ಟಿ 2022ರಲ್ಲಿ 50,000 ಪ್ರಭೇದ ದಾಟಿತು. ಈ ಪಟ್ಟಿ ನೋಡಿಕೊಳ್ಳೋದು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಮ್ಯೂಸಿಯಂ. ಕಾನಿನ ಜೇಡವೂ ಆ ಪಟ್ಟಿಯಲ್ಲಿದೆ.

ಹೆಸರಿಂದ ಏನು ಉಪಯೋಗ?

ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದಿದ್ದರೆ ಮನೆಯಲ್ಲಿ ಆಳು ಇದ್ದರೂ ಪಾಲು ಸಿಗಲ್ಲ. ಇದೂ ಹಾಗೇ. ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಬೇಕಾದರೂ, ಒಂದು ಕಾಡಿನಲ್ಲಿ ಏನೇನಿದೆ ಅಂತ ವರದಿ ಬರೀಬೇಕಾದರೂ ಮೊದಲು ಹೆಸರು ಬೇಕು. ಹೆಸರಿಲ್ಲದ ಜೀವಿ ಕಣ್ಮರೆ ಆದರೆ, ಹೋಯ್ತು ಅಂತ ಬರೆದಿಡೋಕೂ ಆಗಲ್ಲ.

ಆದರೆ ಹೆಸರೊಂದೇ ಜೇಡವನ್ನ ಉಳಿಸಲ್ಲ. ತರಗೆಲೆ ಥರ ಕಾಣೋ ಜೇಡಕ್ಕೆ ತರಗೆಲೆ ಇರೋ ಜಾಗ ಬೇಕು. ಕಾನು ಕಡಿದು ನೆಲ ಸಪಾಟು ಮಾಡಿದರೆ ಅದು ಅಡಗೋಕೆ ಜಾಗ ಇರಲ್ಲ. ಕಾನಿನಲ್ಲಿ ಹೆಸರು ಪಡೆಯದೇ ಉಳಿದ ಬೇರೆ ಜೀವಿಗಳಿದ್ದರೆ ಅವುಗಳ ಕಥೆಯೂ ಅಷ್ಟೇ.

ಸಾಮಾನ್ಯ ಜನ ಏನು ಮಾಡಬಹುದು?

ತೋಟದಲ್ಲೋ, ಅಂಗಡಿ ಹಿಂದಿನ ಪೊದೆಯಲ್ಲೋ ಅಪರೂಪದ ಜೇಡ ಕಂಡರೆ ಹಿಡಿಯೋದೂ ಬೇಡ, ಹೊಸಕೋದೂ ಬೇಡ. ಮೇಲಿನಿಂದ, ಪಕ್ಕದಿಂದ, ಆದರೆ ಹೊಟ್ಟೆ ಕಡೆಯಿಂದಲೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಜಾಗ ಮತ್ತು ದಿನಾಂಕದ ಜೊತೆ ಐನ್ಯಾಚುರಲಿಸ್ಟ್ ಆಪ್‌ಗೆ ಹಾಕಿದರೆ ತಿಳಿದವರು ನೋಡ್ತಾರೆ. ಫೋಟೋದಿಂದ ಪ್ರಭೇದ ಗೊತ್ತಾಗದೇ ಇರಬಹುದು. ಆದರೆ ಎಲ್ಲಿ ಹುಡುಕಬೇಕು ಅನ್ನೋದು ತಜ್ಞರಿಗೆ ಗೊತ್ತಾಗುತ್ತೆ. ಮುಂದಿನ ಸಲ ಕಾನಿನ ದಾರಿಯಲ್ಲಿ ಒಣ ಎಲೆಯೊಂದು ನಡೆದಾಡಿದ ಹಾಗೆ ಕಂಡರೆ, ಒಂದು ನಿಮಿಷ ನಿಂತು ನೋಡಿ.