ಎರಡು ಲೋಟ ಎಳನೀರು

ನಾಲ್ಕೂವರೆ ವರ್ಷದ ಮಗುವಿನ ಮುಂದೆ ಒಂದೇ ಅಳತೆಯ ಎರಡು ಲೋಟಗಳಿಗೆ ಎಳನೀರನ್ನು ಸಮಸಮವಾಗಿ ಹೊಯ್ಯಿರಿ. ಎರಡರಲ್ಲೂ ಒಂದೇ ಇದೆ ಎಂದು ಮಗು ಒಪ್ಪುತ್ತದೆ. ಅದರ ಕಣ್ಣೆದುರೇ ಒಂದು ಲೋಟದ ನೀರನ್ನು ಅಗಲವಾದ ಬಟ್ಟಲಿಗೆ ಬಗ್ಗಿಸಿ, ಯಾವುದರಲ್ಲಿ ಹೆಚ್ಚಿದೆ ಎಂದು ಕೇಳಿ. ಸಾಮಾನ್ಯವಾಗಿ ಮಗು ಲೋಟವನ್ನೇ ತೋರಿಸುತ್ತದೆ. ಎಂಟು ವರ್ಷದ ಅಕ್ಕನಿಗೆ ಪ್ರಶ್ನೆಯೇ ವಿಚಿತ್ರ. ‘ಅದೇ ನೀರಲ್ವಾ? ವಾಪಸ್ ಹೊಯ್ದು ನೋಡಿ’ ಎನ್ನುತ್ತಾಳೆ.

ಈ ಪ್ರಯೋಗವನ್ನು ಪ್ರಸಿದ್ಧಗೊಳಿಸಿದವರು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980). ಹುಡುಗನಾಗಿದ್ದಾಗ ಅವರ ಆಸಕ್ತಿ ಮೃದ್ವಂಗಿಗಳಲ್ಲಿತ್ತು. ಮುಂದೆ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಯ ಕೆಲಸಕ್ಕೆ ನಿಂತಾಗ, ಸರಿ ಉತ್ತರಗಳಿಗಿಂತ ತಪ್ಪು ಉತ್ತರಗಳು ಅವರನ್ನು ಹಿಡಿದು ನಿಲ್ಲಿಸಿದವು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ಅಂದರೆ ಅದು ದಡ್ಡತನವಲ್ಲ, ಆ ವಯಸ್ಸಿನ ಯೋಚನೆಯ ಕ್ರಮ. ಪುಟ್ಟ ಮಗು ನೀರಿನ ಎತ್ತರವನ್ನು ನೋಡುತ್ತದೆ. ಎತ್ತರ ಇಳಿದಷ್ಟೂ ಅಗಲ ಹೆಚ್ಚಿದೆ ಎಂಬುದನ್ನು ಅದರ ಜೊತೆಗೇ ಹಿಡಿದಿಡಲಾರದು. ಹೊಯ್ದದ್ದನ್ನು ಮನಸ್ಸಿನಲ್ಲೇ ಹಿಂದಕ್ಕೆ ಹೊಯ್ಯುವ ಶಕ್ತಿ ಸುಮಾರು ಏಳರ ಹೊತ್ತಿಗೆ ಬರುತ್ತದೆ ಎಂದರು ಪಿಯಾಜೆ.

ಆದರೆ ಕೇಳುವ ರೀತಿಯಲ್ಲೇ ಒಂದು ತೊಡಕಿತ್ತು. 1974ರಲ್ಲಿ ಮನೋವಿಜ್ಞಾನಿಗಳಾದ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ನಾಲ್ಕರಿಂದ ಆರು ವರ್ಷದ ಮಕ್ಕಳ ಮುಂದೆ ಎರಡು ಸಾಲು ಬಿಲ್ಲೆಗಳನ್ನಿಟ್ಟರು. ದೊಡ್ಡವರು ಒಂದು ಸಾಲನ್ನು ಕದಲಿಸಿ ಕೇಳಿದಾಗ ಎರಡೂ ಸಾಲು ಸಮ ಎಂದವರು ನೂರಕ್ಕೆ 16 ಮಕ್ಕಳು ಮಾತ್ರ. ಅದೇ ಸಾಲನ್ನು ತುಂಟ ಕರಡಿಬೊಂಬೆಯೊಂದು ನುಗ್ಗಿ ಕೆಡಿಸಿದಾಗ 60ಕ್ಕೂ ಹೆಚ್ಚು ಮಕ್ಕಳು ಸರಿಯಾಗಿ ಹೇಳಿದರು. ಮೇಷ್ಟ್ರು ಬೇಕೆಂದೇ ಏನೋ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರವನ್ನೂ ಬದಲಿಸಬೇಕೇನೋ ಎಂದು ಮಗು ಊಹಿಸುತ್ತದೆ. ಎಷ್ಟು ಸೂಕ್ಷ್ಮದ ಊಹೆ ಅದು! ನಮ್ಮ ಎಷ್ಟೋ ತರಗತಿಗಳಲ್ಲಿ ಇದೇ ನಡೆಯುತ್ತಿದೆ ಎಂಬುದು ನನ್ನ ನಂಬಿಕೆ.

ಈ ತಿಳಿವಳಿಕೆ ಬೆಳೆಯುವುದರಲ್ಲಿ ಕೈಕೆಲಸಕ್ಕೂ ಪಾಲಿದೆ. ಮೆಕ್ಸಿಕೋದ ಕುಂಬಾರ ಮನೆಗಳ ಹುಡುಗರನ್ನು 1969ರಲ್ಲಿ ಪರೀಕ್ಷಿಸಿದಾಗ, ಜೇಡಿಮಣ್ಣಿನ ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬುದು ಅವರಿಗೆ ಓರಗೆಯ ಮಕ್ಕಳಿಗಿಂತ ಚೆನ್ನಾಗಿ ತಿಳಿದಿತ್ತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳಿಗೆ ಇಂಥ ಪಾಠ ಅಟ್ಟದ ಮೇಲೆಯೇ ಇದೆ. ಉಂಡೆ ಕೊಬ್ಬರಿಗೆಂದು ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿದರೆ ಎಂಟು ತಿಂಗಳಿಂದ ವರ್ಷದವರೆಗೂ ಅದು ಅಲ್ಲೇ ಇರುತ್ತದೆ. ನಿಧಾನಕ್ಕೆ ನೀರು ಬತ್ತಿ, ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಸದ್ದು. ಕಣ್ಣಿಗೆ ಕಾಣದ ಒಳಗನ್ನು ಸದ್ದಿನಿಂದ ಊಹಿಸುವುದೆಂದರೆ ಸಣ್ಣ ಬುದ್ಧಿಯ ಕೆಲಸವಲ್ಲ. ಬಟ್ಟಲಿನ ನೀರು ನೋಟದಲ್ಲಿ ಬದಲಾಗಿದೆ, ನಿಜದಲ್ಲಿ ಅಷ್ಟೇ ಇದೆ. ಅಟ್ಟದ ಕಾಯಿ ಹೊರಗೆ ಹೆಚ್ಚುಕಡಿಮೆ ಹಾಗೇ ಇದೆ, ಒಳಗೆ ನೀರೇ ಇಲ್ಲ. ನೋಟವನ್ನೂ ನಿಜವನ್ನೂ ಬೇರೆ ಮಾಡಿ ನೋಡಲು ಕಲಿಯುವುದೇ ಮಗುವಿನ ಯೋಚನೆಯ ಬೆಳವಣಿಗೆಯ ದೊಡ್ಡ ಭಾಗ ಎಂದು ನನಗನ್ನಿಸುತ್ತದೆ.

ಆದರೆ ಕೈ ಕಲಿತದ್ದು ತಾನಾಗಿಯೇ ಪುಸ್ತಕಕ್ಕೆ ದಾಟುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಅಭ್ಯಸಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು: ವ್ಯಾಪಾರದ ಲೆಕ್ಕವನ್ನು ಥಟ್ಟನೆ ಮಾಡುವ ಮಕ್ಕಳು ಶಾಲೆಯ ಮಾದರಿಯ ಲೆಕ್ಕದಲ್ಲಿ ತಡವರಿಸಿದರು, ಶಾಲೆಯ ಲೆಕ್ಕ ಬಲ್ಲವರು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು.

ಎರಡರ ನಡುವೆ ದಾರಿ ಮಾಡಿಕೊಡಬೇಕಾದವರು ನಾವು. ಕಲ್ಪತರು ನಾಡಿನ ಮೇಷ್ಟ್ರುಗಳಲ್ಲಿ, ಅಪ್ಪ ಅಮ್ಮಂದಿರಲ್ಲಿ ನನ್ನದೊಂದೇ ಕೋರಿಕೆ. ಮಗು ತಪ್ಪು ಹೇಳಿದಾಗ ಕೂಡಲೇ ತಿದ್ದಬೇಡಿ. ‘ಯಾಕೆ ಹಾಗನ್ನಿಸ್ತು?’ ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಲೋಟವನ್ನೂ ಬಟ್ಟಲನ್ನೂ ಅದರ ಕೈಗೇ ಕೊಡಿ.