ಥಂಡಿ ಅಂತ ಬೆಳಕಿಂಡಿ ಮುಚ್ಚಬ್ಯಾಡ್ರಿ

ಎಳ್ಳಮವಾಸಿ ಸಮೀಪಿಸಿತೆಂದರೆ ನಮ್ಮ ಬೈಲಹೊಂಗಲ, ಸವದತ್ತಿ ಕಡೆ ಬೆಳಗಿನ ಥಂಡಿ ಜೋರು. ಮಣ್ಣಿನ ಮಾಳಿಗೆ ಮನೆಗೆ ಅದು ಅಷ್ಟು ನಾಟುವುದಿಲ್ಲ. ದಪ್ಪ ಗೋಡೆ, ಮೇಲ್ಮುದ್ದೆ ಹಗಲಿನ ಕಾವು ಹಿಡಿದಿಟ್ಟು ರಾತ್ರಿ ನಿಧಾನ ಬಿಡುತ್ತವೆ. ಒಳಗೆ ಗ್ವಾದ್ಲಿಗೆ ದನ ಕಟ್ಟಿದ್ದರೆ ಅವುಗಳ ಮೈಬಿಸಿಯೂ ಸೇರುತ್ತದೆ. ಫಜೀತಿ ಏನಿದ್ದರೂ ತಗಡಿನ ಮನೆಯವರಿಗೆ.

ನಮ್ಮ ಮನ್ಯಾಗ ದೀಪಾವಳಿ ಮುಗಿದ ಕೂಡಲೆ ಕೌದಿ ಒಗೆದು ಎರಡು ದಿನ ಬಿಸಿಲಿಗೆ ಹಾಕುತ್ತೇವೆ. ಹಸಿ ಉಳಿದ ಕೌದಿ ಎಷ್ಟು ದಪ್ಪ ಇದ್ದರೂ ಬೆಚ್ಚಗಾಗದು. ಹೊದೆಯಲು ಒಂದಾದರೆ ಹಾಸಲಿಕ್ಕೂ ಒಂದು ಬೇಕು, ನೆಲದ ಥಂಡಿ ಕೆಳಗಿನಿಂದ ಏರುತ್ತದೆ.

ಇನ್ನು ಅಗ್ಗಿಷ್ಟಿಕೆ. ಕುಳ್ಳಿನ ಕೆಂಡ ತುಂಬಿ, ಬೆಳಕಿಂಡಿಗೆ ಚೀಲ ತುರುಕಿ, ಬಾಗಿಲು ಹಾಕಿ ಮಲಗುವವರಿದ್ದಾರೆ. ‘ಹೊಗಿ ಇಲ್ಲಲ್ರಿ, ಏನಾಗತೈತಿ’ ಅಂತಾರ. ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಅನಿಲ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದು. 2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲು ಹಚ್ಚಿಟ್ಟು ಮಲಗಿದ ಮೂವರು ತರುಣರು ಸತ್ತರು.

ಬಾಣಂತಿಗೆ ಕಾಸಬೇಕಾದರೆ ಕಾಸ್ರಿ, ಬಾಗಿಲು, ಬೆಳಕಿಂಡಿ ತೆರೆದಿರಲಿ. ಮಲಗುವ ಮುಂಚೆ ಕೆಂಡ ಅಂಗಳಕ್ಕೆ ಹೋಗಲಿ. ತಲೆ ಭಾರ, ವಾಕರಿಕೆ ಬಂದರೆ ಮೊದಲು ಎಲ್ಲರೂ ಹೊರಗ ಬರ್ರಿ, ಆಮೇಲೆ ದವಾಖಾನಿ.