ಹಳೆಯ ಕಂಪ್ಯೂಟರಿನ ಧ್ವನಿ ನಿಂತಾಗ

ನಮ್ಮ ಅನೇಕ ಬೆಳೆಗಾರರ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರು ಇಂದಿಗೂ ದುಡಿಯುತ್ತಿದೆ. ತೋಟದ ಲೆಕ್ಕ, ಮಕ್ಕಳ ಪಾಠ, ಕೃಷಿ ವಿಜ್ಞಾನಿಗಳ ಉಪನ್ಯಾಸ, ಪರಊರಿನಲ್ಲಿರುವವರೊಡನೆ ಮಾತುಕತೆ, ಎಲ್ಲಕ್ಕೂ ಅದೇ ಆಧಾರ. ಒಂದು ದಿನ ಚಿತ್ರ ಕಾಣುತ್ತದೆ, ಧ್ವನಿ ಮಾತ್ರ ಇಲ್ಲ. ಕೂಡಲೇ ಯಂತ್ರವನ್ನು ಪೇಟೆಗೆ ಒಯ್ಯುವವರಿದ್ದಾರೆ. ಹೊಸದನ್ನೇ ಕೊಳ್ಳುವವರೂ ಇದ್ದಾರೆ. ಸಣ್ಣ ಹಿಡುವಳಿದಾರರಿಗೆ ಇದು ಸಣ್ಣ ಖರ್ಚಲ್ಲ.

ಸ್ಪ್ರಿಂಕ್ಲರಿನಲ್ಲಿ ನೀರು ಬಾರದಿದ್ದರೆ ನಾವು ಮೊದಲೇ ಪಂಪು ಬಿಚ್ಚುವುದಿಲ್ಲ. ಜೆಟ್ ಕಟ್ಟಿದೆಯೇ, ವಾಲ್ವ್ ಮುಚ್ಚಿದೆಯೇ, ಪೈಪು ಕಳಚಿದೆಯೇ ಎಂದು ನೋಡುತ್ತೇವೆ. ಇಲ್ಲಿಯೂ ಕ್ರಮ ಅದೇ: ಹೊರಗಿನಿಂದ ಒಳಕ್ಕೆ, ಖರ್ಚಿಲ್ಲದ್ದು ಮೊದಲು.

1. ಸ್ಪೀಕರ್: ಅದರ ದೀಪ ಉರಿಯುತ್ತಿದೆಯೇ, ತಿರುಪು ಏರಿಸಿದೆಯೇ ನೋಡಿ. ಬಳಿಕ ಅದರ ಪಿನ್ನನ್ನು ಇಯರ್‌ಫೋನ್ ತೂತಿರುವ ಮೊಬೈಲಿಗೋ ರೇಡಿಯೋಗೋ ಚುಚ್ಚಿ. ಅಲ್ಲಿ ನುಡಿದರೆ ಸ್ಪೀಕರ್ ಸರಿಯಾಗಿದೆ.

2. ಸಾಕೆಟ್: ಯಂತ್ರದ ಹಿಂಬದಿಯಲ್ಲಿ ಹಸಿರು ತೂತು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಹೊರಗಿನ ಧ್ವನಿಯನ್ನು ಒಳಗೆ ತರುವುದಕ್ಕೆ. ಗುಡಿಸುವಾಗ ಎಳೆದ ಪಿನ್ನು ತಪ್ಪು ತೂತು ಸೇರುವುದುಂಟು. ಮಲೆನಾಡಿನ ಮಳೆಗಾಲದ ಥಂಡಿಗೆ ಪಿನ್ನು ಕಿಲುಬು ಹಿಡಿಯುತ್ತದೆ. ವಿದ್ಯುತ್ ತೆಗೆದು, ಪಿನ್ನನ್ನು ಒಣಬಟ್ಟೆಯಿಂದ ಒರೆಸಿ, ನಾಲ್ಕಾರು ಬಾರಿ ಹಾಕಿ ತೆಗೆಯಿರಿ.

3. ಆಯ್ಕೆ: ತೆರೆಯ ಬಲ ಕೆಳಮೂಲೆಯ ಸ್ಪೀಕರ್ ಗುರುತನ್ನು ಒತ್ತಿ. ಗುರುತಿನ ಪಕ್ಕ ಅಡ್ಡಗೆರೆಯೋ ಗುಣಾಕಾರ ಚಿಹ್ನೆಯೋ ಇದ್ದರೆ ಧ್ವನಿ ಮುಚ್ಚಿದೆ ಎಂದರ್ಥ. ವಿಂಡೋಸ್ 10ರಲ್ಲಿ ಅಲ್ಲಿಯೇ ಇರುವ ಬಾಣವನ್ನು ಒತ್ತಿದರೆ ಧ್ವನಿ ಎಲ್ಲಿಗೆ ಹೋಗುತ್ತಿದೆಯೆಂಬ ಪಟ್ಟಿ ಕಾಣುತ್ತದೆ. ಹೊಸ ಮಾನಿಟರನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿದ್ದರೆ ಧ್ವನಿ ಅದಕ್ಕೇ ಹರಿದಿರಬಹುದು. ಮಾನಿಟರಿಗೆ ಸ್ಪೀಕರೇ ಇಲ್ಲದಿದ್ದರೆ ಮೌನವೇ ಗತಿ. ಪಟ್ಟಿಯಲ್ಲಿ ಸ್ಪೀಕರನ್ನು ಆರಿಸಿ.

4. ಡ್ರೈವರ್: ಸ್ಟಾರ್ಟ್ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. ಸೌಂಡ್ ಎಂಬ ಸಾಲಿನಡಿಯ ಧ್ವನಿ ಸಾಧನಕ್ಕೆ ಅನ್‌ಇನ್‌ಸ್ಟಾಲ್ ಕೊಡಿ. ಡ್ರೈವರನ್ನು ಅಳಿಸಲೇ ಎಂದು ಕೇಳುವ ಚೌಕಕ್ಕೆ ಗುರುತು ಹಾಕಬೇಡಿ. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ವಿಂಡೋಸ್ ಸಾಮಾನ್ಯವಾಗಿ ತಾನೇ ಅದನ್ನು ಮರಳಿ ಜೋಡಿಸುತ್ತದೆ.

5. ಇಷ್ಟಾದರೂ ಧ್ವನಿ ಬಾರದಿದ್ದರೆ, ಒಳಗಿನ ಧ್ವನಿಭಾಗವೇ ಕೆಟ್ಟಿರಬಹುದು. ಆಗಲೂ ಹೊಸ ಯಂತ್ರ ಅನಿವಾರ್ಯವಲ್ಲ. ಯುಎಸ್‌ಬಿ ತೂತಿಗೆ ಚುಚ್ಚುವ ಪುಟ್ಟ ಸೌಂಡ್ ಅಡಾಪ್ಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಸ್ಪೀಕರಿನ ಪಿನ್ನನ್ನು ಅದಕ್ಕೆ ಹಾಕಿದರಾಯಿತು.

ಒಂದು ಎಚ್ಚರಿಕೆಯ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಬ್ಯಾಂಕಿನ ವ್ಯವಹಾರ ಮಾಡುವವರು ಸುರಕ್ಷತೆಯ ದೃಷ್ಟಿಯಿಂದ ಇದನ್ನು ಗಮನಿಸಬೇಕು. ಆದರೆ ಬೆಂಬಲ ಮುಗಿದುದರಿಂದ ಧ್ವನಿ ನಿಲ್ಲುವುದಿಲ್ಲ. ಆ ಕಾರಣ ಹೇಳಿ ಹೊಸ ಯಂತ್ರ ಮಾರಬಂದರೆ ಒಪ್ಪಬೇಡಿ.

ಈ ಐದು ಪರೀಕ್ಷೆಗಳಿಗೆ ಅರ್ಧ ಗಂಟೆ ಸಾಕು. ರಿಪೇರಿಗೆ ಒಯ್ಯಲೇಬೇಕಾಗಿ ಬಂದರೆ, ಏನೇನು ನೋಡಿ ಆಯಿತೆಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತಿಡುವುದನ್ನು ಮಾತ್ರ ಮರೆಯಬಾರದೆಂದು ಬೆಳೆಗಾರ ಬಾಂಧವರಲ್ಲಿ ನಮ್ಮ ವಿನಂತಿ.